ಪುಣ್ಯ ಕೂಡಿಟ್ಟವರಿಗೆ ಕೋಣೆ

ಮೆಟ್ರೋ ರೈಲಿನ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿಳಿದು ರಾಜಾಜಿನಗರದತ್ತ ಹೊರಟರೆ ಒಂದು ಕಡೆ ಗುಡ್ಡದ ಮೇಲಿನ ಇಸ್ಕಾನ್ ಮಂದಿರ, ಇನ್ನೊಂದು ಕಡೆ ಬ್ರಿಗೇಡ್ ಗೇಟ್‌ವೇಯ ಗಗನಚುಂಬಿ ಸೌಧಗಳು ಕಣ್ಣು ತುಂಬುತ್ತವೆ. ಒಂದು ಕಾಲದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಆ ನೆಲದಲ್ಲಿ, ಪುಟ್ಟ ಕೊಳವೊಂದರ ಬಳಿ, 2011ರಲ್ಲಿ ಬಾಗಿಲು ತೆರೆದ ಶೆರಟನ್ ಗ್ರ್ಯಾಂಡ್ ಹೋಟೆಲು ನಿಂತಿದೆ.

ಇಲ್ಲಿ ತಂಗುವವರೆಲ್ಲರೂ ಬಾಡಿಗೆ ತೆರುವವರಲ್ಲ. ಮ್ಯಾರಿಯಟ್ ಬಾನ್‌ವಾಯ್ ಯೋಜನೆಯ ಸದಸ್ಯರು ದೇಶವಿದೇಶಗಳ ಹೋಟೆಲುಗಳಲ್ಲಿ ಉಳಿದಾಗಲೆಲ್ಲ ಗಳಿಸಿದ ಅಂಕಗಳನ್ನು ಪುಣ್ಯದ ಗಂಟಿನಂತೆ ಕೂಡಿಟ್ಟು, ಒಂದು ದಿನ ಅದನ್ನೇ ಒಪ್ಪಿಸಿ ಕೋಣೆ ಪಡೆಯುತ್ತಾರೆ. ಕಂಪನಿಯ ಕೆಲಸಕ್ಕೆಂದು ಊರೂರು ಅಲೆದ ಬಸವೇಶ್ವರನಗರದ ಗೃಹಸ್ಥನು ಆ ಗಂಟನ್ನು ಮಡದಿಮಕ್ಕಳಿಗೆಂದು ಕಾದಿಡುತ್ತಾನೆ. ಅವನು ಮನೆಯಿಂದ ದೂರವಿದ್ದ ರಾತ್ರಿಗಳ ಲೆಕ್ಕವೇ ಅದು. ಆದರೆ ಮದುವೆಯ ಮುಹೂರ್ತದ ದಿನಗಳಲ್ಲೋ, ಯಲಹಂಕದಲ್ಲಿ ವಿಮಾನ ಪ್ರದರ್ಶನ ನಡೆಯುವ ಫೆಬ್ರವರಿಯಲ್ಲೋ ಕೇಳಿದರೆ ಕೋಣೆಯಿಲ್ಲವೆಂಬ ಉತ್ತರ ಬರಬಹುದು. ಹಣ ಕೊಡುವವನಿಗೆ ಅದೇ ದಿನ ಕೋಣೆಯುಂಟು! ಇದೇನು ಮಾಯೆ?

ಮರ್ಮವಿರುವುದು ಒಡೆತನದಲ್ಲಿ. ಕಟ್ಟಡ ಬ್ರಿಗೇಡ್ ಸಮೂಹದ್ದು. ಹೆಸರು ಮತ್ತು ಯೋಜನೆ ಮ್ಯಾರಿಯಟ್‌ನದು. ಅಂಕದ ಅತಿಥಿ ತಂಗಿ ಹೋದ ಮೇಲೆ ಯೋಜನೆಯ ನಿಧಿಯಿಂದ ಹೋಟೆಲಿಗೆ ಹಣ ಸಲ್ಲಬೇಕು. ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ, ಕೋಣೆಗಳು ಖಾಲಿ ಬಿದ್ದಿರುವ ದಿನ ಸಲ್ಲುವುದು ಅಲ್ಪ ಮೊತ್ತ. ಹೋಟೆಲು ಬಹುತೇಕ ತುಂಬಿದ ದಿನವಷ್ಟೇ ಬಾಡಿಗೆಗೆ ಸಮೀಪದ ಮೊತ್ತ. ಹಣದ ಗಿರಾಕಿ ಬಂದಾನೆಂಬ ಆಸೆಯಿರುವ ನಡುವಣ ದಿನಗಳಲ್ಲಿ ಒಡೆಯನ ಕೈ ಬಿಗಿಯಾಗುವುದು ಸಹಜ. ನಿಯಮದಂತೆ ಅಂಕಕ್ಕೆ ದೊರೆಯುವುದು ‘ಸಾಮಾನ್ಯ’ ಕೋಣೆ. ಅಂಥವನ್ನು ಎಷ್ಟು ಬಿಡಬೇಕೆಂಬುದಕ್ಕೆ ಹೋಟೆಲು ಮಿತಿ ಹಾಕಿಕೊಳ್ಳಬಹುದು. ಅವು ಮುಗಿದು ದುಬಾರಿ ಕೋಣೆಗಳೇ ಉಳಿದಿದ್ದರೆ ಅಂಕದವನು ಹಿಂದಿರುಗಬೇಕಾದೀತು, ಇಲ್ಲವೆ ಹೆಚ್ಚು ತೆರಬೇಕಾದೀತು. ರೈಲು ನಿಲ್ದಾಣದ ಬಳಿ ಯಾತ್ರಿಕರಿಗೆಂದು ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರಿಗೆ ಈ ಲೆಕ್ಕಾಚಾರ ಬಲು ವಿಚಿತ್ರವಾಗಿ ತೋರುತ್ತಿತ್ತೇನೋ!

ಹೋಟೆಲುಗಳ ಅಂಕ ಯೋಜನೆಗಳು 1983ರ ಸುಮಾರಿಗೆ ಅಮೆರಿಕದಲ್ಲಿ ತಲೆಯೆತ್ತಿದವು. 1999ರಲ್ಲಿ, ಶೆರಟನ್ನಿನ ಅಂದಿನ ಒಡೆಯರಾದ ಸ್ಟಾರ್‌ವುಡ್‌ನವರು ತಮ್ಮ ಯೋಜನೆಯಲ್ಲಿ ನಿಷಿದ್ಧ ದಿನಗಳೇ ಇಲ್ಲವೆಂದು ಸಾರಿದರು. 2016ರಲ್ಲಿ ಮ್ಯಾರಿಯಟ್ ಆ ಸಂಸ್ಥೆಯನ್ನೇ ಕೊಂಡಿತು. 2022ರ ಮಾರ್ಚ್ ತಿಂಗಳಲ್ಲಿ ಅಂಕಗಳ ಸ್ಥಿರ ಪಟ್ಟಿಯನ್ನು ಕೈಬಿಟ್ಟು, ಬಾಡಿಗೆ ಏರಿದಂತೆ ಅಂಕವೂ ಏರುವ ಪದ್ಧತಿಯನ್ನು ತಂದಿತು. ಬಾಗಿಲು ಮುಚ್ಚುವ ಬದಲು ಹೊಸ್ತಿಲನ್ನೇ ಎತ್ತರಿಸಿದಂತಾಯಿತು. ಎರಡು ವರ್ಷ ಖಾತೆ ನಿಶ್ಚಲವಾಗಿದ್ದರೆ ಗಂಟೇ ಕರಗಿಹೋಗುವುದರಿಂದ ಸುಮ್ಮನೆ ಕಾದು ಕೂರುವಂತೆಯೂ ಇಲ್ಲ.

ಉಪಾಯ ಬಲ್ಲವರು ಆಷಾಢಕ್ಕೆ ಕಣ್ಣಿಡುತ್ತಾರೆ. ಮುಹೂರ್ತಗಳಿಲ್ಲದ ಆ ಮಾಸದಲ್ಲಿ ದಿಬ್ಬಣಗಳ ಗದ್ದಲವಿಲ್ಲ. ಅಂಕದ ಬೆಲೆಯೂ ಇಳಿದಿರುವ ಸಂಭವವುಂಟು. ಐದು ರಾತ್ರಿ ಒಟ್ಟಿಗೆ ಕಾದಿರಿಸಿದರೆ ನಾಲ್ಕರ ಅಂಕ ಸಾಕೆಂಬ ರಿಯಾಯಿತಿಯೂ ಇದೆ. ಆದರೆ ಬಸವೇಶ್ವರನಗರದಿಂದ ಇಲ್ಲಿಗೆ ಐದು ರಾತ್ರಿ ಯಾರು ಬಂದಾರು? ಒಂದು ರಾತ್ರಿ ಸಾಕು. ಆ ಕಡೆಯ ಕಿಟಕಿ ದೊರೆತರೆ, ಮಳೆ ತೊಳೆದ ಗುಡ್ಡದ ಮೇಲೆ ಮಂದಿರದ ದೀಪಗಳು ಹೊತ್ತಿಕೊಳ್ಳುವುದನ್ನು ಮಕ್ಕಳು ಕಾಣಬಹುದು.