ಶ್ರುತಿ ಹಿಡಿದು ಕೂತವಳು

ಗಿಟಾರು ಅಂದರೆ ನಿಮ್ಮ ಮನೆಯಲ್ಲಿ ಏನಾಗುತ್ತದೋ ನನಗೆ ತಿಳಿಯದು ಸೋದರಿಯರೇ, ನಮ್ಮ ಮನೆಯಲ್ಲಿ ಮಾತ್ರ ಜಗಳವಾಗುತ್ತದೆ. ಇಂಜಿನಿಯರಿಂಗ್ ಓದುತ್ತಿರುವ ಮಗ ಈ ಸಲ ಎರಡು ಪೇಪರು ಉಳಿಸಿಕೊಂಡು ಮನೆಗೆ ಬಂದ. ನಮ್ಮ ಯಜಮಾನರು ತುಟಿ ಬಿಚ್ಚದೆ ಎದ್ದು ಹೋಗಿ, ಅವನ ಗಿಟಾರನ್ನು ಚೀಲದ ಸಮೇತ ಅಟ್ಟಕ್ಕೆ ಹಾಕಿ ಏಣಿ ತೆಗೆದಿಟ್ಟರು. "ಪಾಸಾಗೋವರೆಗೆ ಅದು ಅಲ್ಲೇ ಇರ್ಲಿ" ಅಂದರು. ನಿಜ ಹೇಳಿಬಿಡುತ್ತೇನೆ, ನಾನೂ ಸುಮ್ಮನಿರಲಿಲ್ಲ. "ಸದ್ಯ, ಆ ಟೊಂಯ್ ಟೊಂಯ್ ನಿಂತಿತು" ಅಂದುಬಿಟ್ಟೆ. ಮಗ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದ.

ಆಮೇಲೆ ಹದಿನೈದು ದಿನ ಮನೆಯಲ್ಲಿ ಮಾತೇ ಇಲ್ಲ. ಅಪ್ಪ ಬೈದದ್ದು ಅವನಿಗೆ ಅಷ್ಟು ನಾಟಿರಲಿಲ್ಲ, ನನ್ನ ಮಾತು ನಾಟಿತ್ತು. ಊಟಕ್ಕೆ ಬಡಿಸಿದರೆ ತಲೆ ಎತ್ತದೆ ಉಂಡು ಎದ್ದು ಹೋಗುವ ಮಗನನ್ನು ನೋಡುವುದು ಎಷ್ಟು ಸಂಕಟ ಎಂದು ಹೆತ್ತವರಿಗೆ ಹೇಳಬೇಕಾಗಿಲ್ಲ.

ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. "ಅದರಲ್ಲಿ ಅಂಥಾದ್ದೇನಿದೆಯೋ? ನನಗೂ ಒಂದು ಕೇಳಿಸು" ಎಂದೆ. ತಮಾಷೆ ಮಾಡುತ್ತಿದ್ದೇನೋ ಏನೋ ಎಂದು ಅನುಮಾನದಿಂದ ನೋಡಿದ. ಕೊನೆಗೆ ಮೊಬೈಲನ್ನು ಮೊರದ ಪಕ್ಕದಲ್ಲಿಟ್ಟು, "ಜೋರಾಗಿರೋದು ನಿನಗೆ ಬೇಡ. ಇದು ಕೇಳಮ್ಮ, ತಂಬೂರಿ ಇದೆ" ಎಂದ.

ಅದು ಜಾನ್ ಮೆಕ್‌ಲಾಫ್ಲಿನ್ ಎಂಬ ಇಂಗ್ಲೆಂಡಿನ ಗಿಟಾರ್ ವಾದಕರ 'ಮೈ ಗೋಲ್ಸ್ ಬಿಯಾಂಡ್', 1971ರ ರೆಕಾರ್ಡು. ಆಗ ಅವರಿಗಿನ್ನೂ 29 ವರ್ಷ. ಜಾಝ್ ಎಂದರೆ ನಮ್ಮ ಮನೋಧರ್ಮ ಸಂಗೀತದ ಹಾಗೆ, ಒಂದು ಪಲ್ಲವಿ ಹಿಡಿದು ಆ ಕ್ಷಣಕ್ಕೆ ತೋಚಿದಂತೆ ಬೆಳೆಸುವುದು. ಅದಕ್ಕೆ ಬೇರೆ ಬೇರೆ ಸಂಗೀತ ಬೆರೆಸಿದರೆ ಫ್ಯೂಷನ್. ಬೆರೆಸುವುದೇನೋ ಸುಲಭ, ಹೊಂದುವುದು ಕಷ್ಟ. ಬಿಸಿಬೇಳೆ ಬಾತಿನಲ್ಲಿ ಬೇಳೆಯೇ ಬೇರೆ ಅನ್ನವೇ ಬೇರೆ ನಿಂತರೆ ಬಾಯಿಗಿಟ್ಟವರು ಹೇಳುವುದಿಲ್ಲವೇ, ಹಾಗೆ.

ಮೊದಲ ಬದಿಯಲ್ಲಿ 'ಪೀಸ್ ಒನ್', 'ಪೀಸ್ ಟೂ' ಎಂದು ಎರಡೇ ದೊಡ್ಡ ಕೃತಿಗಳು. ಗಿಟಾರು, ಪಿಟೀಲು, ಸ್ಯಾಕ್ಸೋಫೋನು, ಡ್ರಮ್ಮು, ತಬಲಾ ಎಲ್ಲವೂ ಇವೆ. ಮೊದಮೊದಲು ಸಂತೆಯಲ್ಲಿ ನಿಂತ ಹಾಗಾಯಿತು. ಆದರೆ ಅಡಿಯಲ್ಲಿ ತಂಬೂರಿಯ ಜೇಂಕಾರ ಇತ್ತು ನೋಡಿ, ಅದನ್ನು ಹಿಡಿದುಕೊಂಡೆ. ಮೆಲ್ಲಗೆ ಒಂದೊಂದು ದನಿಯೂ ತನ್ನ ಜಾಗ ತೋರಿಸಿತು.

"ತಂಬೂರಿ ಯಾರದೋ?" ಎಂದೆ.

"ಮಹಾಲಕ್ಷ್ಮಿ ಅಂತಿದೆ."

"ಯಾವ ಊರಿನವಳೋ?"

ಮಗ ಎಷ್ಟೋ ದಿನದ ಮೇಲೆ ನಕ್ಕ. "ಅವರ ಹೆಂಡ್ತಿ ಅಮ್ಮ. ಈವ್ ಅಂತ ಹೆಸರು. ಗಂಡ ಹೆಂಡತಿ ಇಬ್ಬರೂ ಶ್ರೀ ಚಿನ್ಮಯ್ ಅವರ ಶಿಷ್ಯರಾಗಿದ್ದರು. ಅದಕ್ಕೇ ಇವರು ಮಹಾವಿಷ್ಣು, ಅವರು ಮಹಾಲಕ್ಷ್ಮಿ."

ನಾನು ಮದುವೆಗೆ ಮುಂಚೆ ವರ್ಣದವರೆಗೆ ಸಂಗೀತ ಕಲಿತವಳು. ರಾಮನವಮಿಗೆ ಮೇಷ್ಟ್ರು ಹಾಡುವಾಗ ತಂಬೂರಿ ನನ್ನ ಪಾಲಿಗೆ. ಎರಡು ಗಂಟೆ ಕಾಲು ಜೋಮು ಹಿಡಿದರೂ ಅಲ್ಲಾಡುವಂತಿಲ್ಲ. ಚಪ್ಪಾಳೆಯೆಲ್ಲ ಹಾಡಿದವರಿಗೆ, ಮೃದಂಗಕ್ಕೆ. ಆದರೆ ತಂಬೂರಿ ತಪ್ಪಿದರೆ ಎಲ್ಲರೂ ತಪ್ಪಿದರು!

ತಬಲಾ ನುಡಿಸಿದವರು ಬಾದಲ್ ರಾಯ್. ಈಗಿನ ಬಾಂಗ್ಲಾದೇಶದ ಕೊಮಿಲ್ಲಾದವರು, 2022ರಲ್ಲಿ ತೀರಿಕೊಂಡರು. ಸಂಖ್ಯಾಶಾಸ್ತ್ರ ಓದಲೆಂದು ನ್ಯೂಯಾರ್ಕಿಗೆ ಹೋಗಿ, ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ಬಡಿಸುತ್ತಿದ್ದರಂತೆ. ಗ್ರೀನಿಚ್ ವಿಲೇಜಿನ ಒಂದು ಇಂಡಿಯನ್ ಹೋಟೆಲಿನಲ್ಲಿ ಅವರ ತಬಲಾ ಕೇಳಿದ ಮೆಕ್‌ಲಾಫ್ಲಿನ್, ಜೊತೆಗೆ ಕೂತು ನುಡಿಸಿ ನೋಡಿ, ಈ ರೆಕಾರ್ಡಿಗೆ ಕರೆದರಂತೆ. ಮಗ ಇದನ್ನು ಕಣ್ಣರಳಿಸಿ ಹೇಳಿದ. ನಮ್ಮವರ ಕಿವಿಗೆ ಬಿದ್ದರೆ "ಓದೋಕೆ ಹೋಗಿ ತಬಲಾ ಬಾರಿಸಿದನೇ? ಸರಿಹೋಯ್ತು!" ಅಂದಾರು ಎಂದು ನಾನು ಬಾಗಿಲ ಕಡೆ ನೋಡಿದೆ.

ಎರಡನೇ ಬದಿಯಲ್ಲಿ ಗಲಾಟೆಯಿಲ್ಲ, ಕರೆಂಟಿನ ಗಿಟಾರೂ ಅಲ್ಲ. ಹೆಚ್ಚಾಗಿ ಮರದ ಗಿಟಾರೇ. ತಾವೇ ಒಮ್ಮೆ ನುಡಿಸಿ, ಅದರ ಮೇಲೆ ತಾವೇ ಮತ್ತೊಮ್ಮೆ ನುಡಿಸಿ ಸೇರಿಸಿದ್ದಾರೆ. ಅದರಲ್ಲಿ ಒಂದರ ಹೆಸರು 'ಸಾಂಗ್ ಫಾರ್ ಮೈ ಮದರ್', ನನ್ನಮ್ಮನಿಗೊಂದು ಹಾಡು. ಮೆಕ್‌ಲಾಫ್ಲಿನ್ನರ ತಾಯಿ ಪಿಟೀಲು ನುಡಿಸುತ್ತಿದ್ದರಂತೆ. ಹಾಡಿನಲ್ಲಿ ಮಾತಿಲ್ಲ, ನಾಲ್ಕು ನಿಮಿಷವೂ ಇಲ್ಲ. ಮಗ ಹೆಸರು ಹೇಳಿ ತಲೆ ತಗ್ಗಿಸಿ ಅವರೆಕಾಯಿ ಸುಲಿಯತೊಡಗಿದ. ನನಗೆ ಕಣ್ಣು ಮಂಜಾಯಿತು. "ಟೊಂಯ್ ಟೊಂಯ್ ಅನ್ನಬಾರದಿತ್ತು ಕಣೋ" ಎಂದೆ. "ಇರ್ಲಿ ಬಿಡಮ್ಮ" ಎಂದ. ಅಷ್ಟೇ.

ಸಂಜೆ ಮತ್ತೆ ಮೊದಲ ಬದಿ ಹಾಕಿದ್ದೆವು. ಯಜಮಾನರು ಚಪ್ಪಲಿ ಬಿಡುತ್ತಾ "ಯಾರ ಕಚೇರಿನೇ ಇದು?" ಅಂದರು. ತಂಬೂರಿ ಕೇಳಿ ಮೋಸಹೋಗಿದ್ದರು! ನಾನು ಕಾಫಿ ಕೊಟ್ಟು, ಅರ್ಧ ಲೋಟ ಖಾಲಿಯಾದ ಮೇಲೆ ವಿಷಯ ತೆಗೆದೆ.

'ಶ್ರುತಿ ತಾಯಿ, ಲಯ ತಂದೆ' ಎಂದು ಮೇಷ್ಟ್ರು ಹೇಳುತ್ತಿದ್ದರು. ಅಪ್ಪನ ಲೆಕ್ಕಾಚಾರ ತಪ್ಪಲ್ಲ, ತಾಳ ಬೇಕೇಬೇಕು. ಆದರೆ ಅವತ್ತು ಮನೆಯಲ್ಲಿ ಶ್ರುತಿ ಬಿಟ್ಟವಳು ನಾನು. ಇಬ್ಬರಲ್ಲಿ ಒಬ್ಬರ ಪಕ್ಷ ಸೇರುವುದು ನನ್ನ ಕೆಲಸವಾಗಿರಲಿಲ್ಲ, ಇಬ್ಬರೂ ಕೇಳುವ ಹಾಗೆ ಒಂದು ಸ್ವರ ಹಿಡಿಯಬೇಕಿತ್ತು.

ಮೆಕ್‌ಲಾಫ್ಲಿನ್ ಅಷ್ಟು ಹೆಸರು ಮಾಡಿದ ಮೇಲೂ ಡಾ. ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿಯಲು ಕೂತರು ಎಂದು ಮಗನೇ ಹೇಳಿದ್ದ. ಆಮೇಲೆ ಜಾಕಿರ್ ಹುಸೇನ್, ಎಲ್. ಶಂಕರ್, ವಿನಾಯಕರಾಂ ಅವರೊಡನೆ 'ಶಕ್ತಿ' ತಂಡ ಕಟ್ಟಿದರು. ಆ ತಂಡದ ಹೆಸರಿನ ರೆಕಾರ್ಡಿಗೆ 2024ರಲ್ಲಿ ಗ್ರ್ಯಾಮಿ ಬಂತು. ಅವನ ಮಾತನ್ನೇ ಅವನಿಗೆ ತಿರುಗಿಸಿದೆ: "ಅಂಥವರೇ ಶಿಷ್ಯರಾಗಿ ಕೂತರು. ನೀನು ಎರಡು ಪೇಪರಿಗೆ ಕೂರೋಕ್ಕಾಗಲ್ವೇ?"

ಕೊನೆಗೆ ಒಪ್ಪಂದವಾಯಿತು. ದಿನಾ ಓದು ಮುಗಿದ ಮೇಲೆ ಒಂದು ಗಂಟೆ ಗಿಟಾರು. ಏಣಿ ಹಿಡಿದವಳು ನಾನು, ಹತ್ತಿ ಇಳಿಸಿಕೊಟ್ಟವರು ಅವರೇ! ಪರೀಕ್ಷೆ ಮುಂದಿನ ತಿಂಗಳು. ಪಾಸಾಗುತ್ತಾನೋ ಇಲ್ಲವೋ ದೇವರೇ ಬಲ್ಲ. ಆದರೆ ತಟ್ಟೆಯ ಮುಂದೆ ಈಗ ತಲೆ ಎತ್ತಿ ಮಾತಾಡುತ್ತಾನೆ.

ನಿಮ್ಮ ಮಕ್ಕಳು ಕೇಳುವ ಸಂಗೀತ ನಿಮಗೆ ತಲೆನೋವೇ? ಬೈಯುವ ಮುಂಚೆ ಸೊಪ್ಪೋ ಕಾಳೋ ಹರಡಿಕೊಂಡು ಒಂದು ಮಧ್ಯಾಹ್ನ ಅವರ ಜೊತೆ ಕೂತು ಕೇಳಿ. ಈ ರೆಕಾರ್ಡನ್ನೇ ಹಾಕಿಸಿದರೆ ಮೊದಲ ಸಲ ತಂಬೂರಿ ಒಂದನ್ನೇ ಹಿಡಿಯಿರಿ, ಎರಡನೇ ಸಲ ತಬಲಾ. ಗಿಟಾರು ಮೂರನೇ ಸಲಕ್ಕೆ ತಾನಾಗಿಯೇ ಹತ್ತಿರ ಬರುತ್ತದೆ. ಮಕ್ಕಳೂ ಬಂದಾರು.