ನಕಲಿನ ನಕಲು

ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ಮುಂದೆ ನಿಂತವರು ಒಬ್ಬರೊಡನೊಬ್ಬರು ಕೂಗಿಯೇ ಮಾತಾಡಬೇಕು. 52 ಮೀಟರ್ ಎತ್ತರದಿಂದ ಧುಮ್ಮಿಕ್ಕುವ ಘಟಪ್ರಭೆಯ ಮೊರೆತ ಅಂಥದು. ಬೇಸಗೆ ಬಂತೆಂದರೆ ಅದೇ ಬಂಡೆ ಮೌನವ್ರತ ಹಿಡಿಯುತ್ತದೆ. ಇಂದಿನ ದನಿ ನಾಳೆಯೂ ಇರಬೇಕೆಂಬ ನಿರ್ಬಂಧ ಹೊಳೆಗಿಲ್ಲ. ಮನುಷ್ಯನಿಗೆ ಮಾತ್ರ ಒಮ್ಮೆ ಮೆಚ್ಚಿದ ದನಿ ಬೇಕೆಂದಾಗ ಬೇಕು. ಅದೂ ಮೊದಲಿನಂತೆಯೇ ಬೇಕು. ತಾಳಯಂತ್ರ ಹುಟ್ಟಿದ್ದು ಈ ಹಂಬಲದಿಂದ.

1980ರಲ್ಲಿ ಜಪಾನಿನ ರೋಲ್ಯಾಂಡ್ ಸಂಸ್ಥೆ ಟಿಆರ್-808 ಎಂಬ ಯಂತ್ರವನ್ನು ಹೊರತಂದಿತು. ವಾದಕನಿಲ್ಲದೆ ತಾಳ ನುಡಿಸುವುದು ಅದರ ಕೆಲಸ. ಅದೇ ವರ್ಷ ಅಮೆರಿಕದಲ್ಲಿ ರೋಜರ್ ಲಿನ್ ಅವರು ನಿಜವಾದ ಡ್ರಮ್ಮಿನ ಪೆಟ್ಟುಗಳನ್ನೇ ಮುದ್ರಿಸಿಟ್ಟ ಎಲ್‌ಎಂ-1 ಯಂತ್ರವನ್ನು ತಂದರು. 808 ಹಾಗಲ್ಲ, ಅದು ವಿದ್ಯುತ್ತಿನಿಂದಲೇ ಸದ್ದನ್ನು ಹೆಣೆಯುತ್ತಿತ್ತು. ಆದುದರಿಂದ ಅದರ ಡ್ರಮ್ಮು ಡ್ರಮ್ಮಿನಂತೆ ಕೇಳಿಸಲಿಲ್ಲ. ಅದರ ಝಲ್ಲೆನ್ನುವ ನಾದಕ್ಕಾಗಿ ತಯಾರಕರು ದೋಷವುಳ್ಳ ಟ್ರಾನ್ಸಿಸ್ಟರುಗಳನ್ನೇ ಹುಡುಕಿ ಕೊಳ್ಳುತ್ತಿದ್ದರಂತೆ! ಸುಮಾರು 12,000 ಯಂತ್ರಗಳಾದ ಮೇಲೆ, 1983ರಲ್ಲಿ, ತಯಾರಿಕೆ ನಿಂತಿತು. ಹಳೆಯ ಸಾಮಾನಿನೊಡನೆ ಅಗ್ಗಕ್ಕೆ ಮಾರಾಟವಾದ ಅದನ್ನು ಅಮೆರಿಕದ ಬಡ ತರುಣರು ಕೊಂಡರು. ಹೊಸದೊಂದು ಸಂಗೀತವನ್ನೇ ಕಟ್ಟಿದರು.

ಈಗ ಆ ಯಂತ್ರವೇ ದುರ್ಲಭ. ಅದರ ಒಂದೊಂದು ಪೆಟ್ಟನ್ನೂ ಧ್ವನಿಮುದ್ರಿಸಿ, ಗಣಕಯಂತ್ರದಲ್ಲಿ ನುಡಿಸುವಂತೆ ಜೋಡಿಸಿ ಮಾರುತ್ತಾರೆ. ಸಂಗೀತ ನಿರ್ಮಾಪಕರು ಇವನ್ನು ಸ್ಯಾಂಪಲ್ ಎನ್ನುತ್ತಾರೆ. ಡ್ರಮ್ಮಿನ ನಕಲಾಗಿ ಹುಟ್ಟಿದ್ದು ತಾನೇ ಅಸಲಾಗಿ, ಅದಕ್ಕೂ ಒಂದು ನಕಲು! ಒಂದೇ ಪೆಟ್ಟು ಮರಳಿ ಮರಳಿ ಕೇಳಿದರೆ ಕಿವಿಗೆ ಬೇಸರವೆಂದು ಅದನ್ನೇ ಹಲವು ಬಾರಿ ಮುದ್ರಿಸಿ ಅದಲುಬದಲು ಮಾಡುವುದೂ ಉಂಟು.

ಕನ್ನಡ ನಾಡಿಗೂ ಈ ವಿದ್ಯೆ ಹೊಸದಲ್ಲ. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆ ಬೆಂಗಳೂರಿನಲ್ಲಿ ಇಲೆಕ್ಟ್ರಾನಿಕ್ ತಂಬೂರಿಯನ್ನೂ, ತಬಲ ನುಡಿಸುವ ತಾಲಮಾಲಾ ಪೆಟ್ಟಿಗೆಯನ್ನೂ ತಯಾರಿಸಿತು. ಬೆಳಗಿನ ಜಾವ ಅಭ್ಯಾಸಕ್ಕೆ ಕುಳಿತ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಸಂಗಾತಿಯಿಲ್ಲ. ಅದು ಆಕಳಿಸುವುದಿಲ್ಲ, ಚಹಾ ಕೇಳುವುದಿಲ್ಲ, ತಪ್ಪು ಕಂಡು ಹುಬ್ಬು ಗಂಟಿಕ್ಕುವುದೂ ಇಲ್ಲ.

ಆದರೆ ಗೋಕಾಕ ಸೀಮೆಯಲ್ಲಿಯೇ ಕುಲಗೋಡ ತಮ್ಮಣ್ಣನವರು ಬೆಳೆಸಿದ ಶ್ರೀಕೃಷ್ಣ ಪಾರಿಜಾತದ ಆಟವನ್ನು ನೆನೆಯಿರಿ. ಸತ್ಯಭಾಮೆ ಮುನಿಸಿಕೊಂಡು ಮುಖ ತಿರುಗಿಸುತ್ತಾಳೆ. ತಬಲದವನ ಕೈ ಒಂದು ಕ್ಷಣ ತಡೆಯುತ್ತದೆ. ಆ ತಡೆಯಲ್ಲಿಯೇ ಸಭೆಗೆ ಅವಳ ಸಿಟ್ಟು ತಿಳಿಯುತ್ತದೆ. ತಡೆದ ಆ ಪೆಟ್ಟನ್ನು ಯಾವ ಸ್ಯಾಂಪಲಿನಲ್ಲಿ ಹಿಡಿಯುವುದು?

ಯಂತ್ರವನ್ನು ಪೂರ್ತಿಯಾಗಿ ಮುದ್ರಿಸಿಡಬಹುದು. ಏಕೆಂದರೆ ಅದರ ಸರ್ವಸ್ವವೂ ಅದರ ಸದ್ದಿನಲ್ಲಿದೆ. ವಾದಕನ ಅರ್ಧ ವಿದ್ಯೆಯಿರುವುದು ಕಿವಿಯಲ್ಲಿ, ಕಣ್ಣಿನಲ್ಲಿ. ಅದು ಉಳಿಯಬೇಕಾದರೆ ಮುದ್ರಣ ಸಾಲದು. ಅವನ ಪಕ್ಕದಲ್ಲಿ ಒಬ್ಬ ಹುಡುಗ ಕುಳಿತಿರಬೇಕು. ಹಳೆಯ ಯಂತ್ರವೊಂದು ಮರೆಯಾಗದಂತೆ ಜಗತ್ತು ಇಷ್ಟು ಜತನ ಮಾಡುತ್ತಿರುವಾಗ, ಆ ಹುಡುಗನಿಗೊಂದು ಚಾಪೆ ಹಾಸುವಷ್ಟು ಜಾಗ ಊರಿಗೊಂದು ಕಡೆಯಾದರೂ ಸಿಕ್ಕೀತೆ?