ಬಿಸಿಲು ನಂಬಿದ ಹೆಬ್ಬಾವುಗಳು

ಜನವರಿಯ ಬೆಳಗು. ನಾವುಂದದ ಹೆದ್ದಾರಿ ಬಿಟ್ಟು ತೋಟದ ದಾರಿ ಹಿಡಿದಿದ್ದೀರಿ. ಅಂಗಡಿ ಜಗಲಿಯಲ್ಲಿ ಮಫ್ಲರ್ ಸುತ್ತಿಕೊಂಡವರು ಚಳಿ ಚಳಿ ಎನ್ನುತ್ತಿದ್ದಾರೆ. ಕಡಲ ಪಕ್ಕದ ಊರಲ್ಲಿ ಆ ಚಳಿ ಅಂದರೆ 20 ಡಿಗ್ರಿಯ ಆಸುಪಾಸು. ಹಿತ್ತಿಲ ಕಡೆಯಿಂದ ಕೂಗು ಬರುತ್ತದೆ: “ಹ್ವಾಯ್, ಕೋಳಿಗೂಡಗೆ ಹೆಬ್ಬಾವ್ ಇತ್ತ್, ಬನ್ನಿ!” ನುಂಗಿದ ಕೋಳಿಯಿಂದ ಹೊಟ್ಟೆ ಉಬ್ಬಿ, ಬಂದ ಕಂಡಿಯಲ್ಲೇ ಹೊರಗೆ ಹೋಗಲಾರದೆ ಸುರುಳಿ ಸುತ್ತಿ ಮಲಗಿದೆ. ಅರಣ್ಯ ಇಲಾಖೆಗೆ ಫೋನು ಹೋಗಿದೆ. ಅವರು ಬರುವತನಕ ದೂರದಿಂದಲೇ ನೋಡುತ್ತ ನಿಲ್ಲಿ. ಇದರ ಮೈಗೆ ಸ್ವಂತ ಬಿಸಿಯಿಲ್ಲ, ಗಾಳಿ ನೆಲ ಬಿಸಿಲು ಕೊಟ್ಟಷ್ಟೇ. 16 ಡಿಗ್ರಿಗಿಂತ ಕೆಳಗಿಳಿದರೆ ಆ ಕೋಳಿ ಅರಗುವುದೂ ಇಲ್ಲ. ನಾವುಂದದಲ್ಲಿ ಅಂಥ ಆತಂಕವಿಲ್ಲ.

ಆತಂಕವಿರುವ ಕಡೆ ಹೋಗೋಣ. ಅಮೆರಿಕದ ದಕ್ಷಿಣ ಕ್ಯಾರೊಲೈನಾ, 2009ರ ಜೂನ್. ಹಿಂದೆ ಅಣುಬಾಂಬಿಗೆ ಪ್ಲುಟೋನಿಯಂ ತಯಾರಿಸುತ್ತಿದ್ದ ಸವಾನಾ ನದಿ ಸ್ಥಾವರದ ವಿಶಾಲ ಕಾಡಿನೊಳಗೆ ಒಂದು ಬೇಲಿ. ಬೇಲಿಯಾಚೆ ಕೊಳ, ಗಿಡಗಂಟಿ, ನೆಲದಡಿ ಅಡಗುವುದಕ್ಕೆ ಮಾಡಿಟ್ಟ ಬಿಲಗಳು. ಫ್ಲಾರಿಡಾದಿಂದ ತಂದ 10 ಬರ್ಮಾ ಹೆಬ್ಬಾವುಗಳನ್ನು ಇಲ್ಲಿ ಬಿಟ್ಟಿದ್ದಾರೆ. ನಮ್ಮ ಹೆಬ್ಬಾವಿನ ಹತ್ತಿರದ ನೆಂಟ ಅದು. ಪ್ರತಿಯೊಂದರ ಹೊಟ್ಟೆಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್, ಜೊತೆಗೆ ಮೈಬಿಸಿ ಬರೆದಿಟ್ಟುಕೊಳ್ಳುವ ಪುಟ್ಟ ಯಂತ್ರ. ಮೈಕೆಲ್ ಡಾರ್ಕಸ್, ಜೆ.ಡಿ. ವಿಲ್ಸನ್ ಮತ್ತು ಅವರ ಜೊತೆಗಾರರ ಪ್ರಯೋಗವಿದು.

ಹೀಗೆ ಮಾಡುವುದಕ್ಕೆ ಒಂದು ಜಗಳವೂ ಕಾರಣ. ಸಾಕಿದವರು ಬಿಟ್ಟ ಈ ಹಾವುಗಳು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಂಸಾರ ಹೂಡಿದ್ದವು. ಅಮೆರಿಕದ ಮೂರನೇ ಒಂದು ಭಾಗದ ಹವೆ ಇವಕ್ಕೆ ಒಗ್ಗಬಹುದು ಎಂದು ಸರ್ಕಾರಿ ವಿಜ್ಞಾನಿಗಳ ನಕ್ಷೆಯೊಂದು 2008ರಲ್ಲಿ ಹೇಳಿತು. ದಕ್ಷಿಣ ತುದಿ ಬಿಟ್ಟು ಮೇಲೇರವು ಎಂದಿತು ಅದೇ ವರ್ಷದ ಇನ್ನೊಂದು ನಕ್ಷೆ. ಕಂಪ್ಯೂಟರಿನ ಬಣ್ಣಗಳು ಎಷ್ಟು ಹೊತ್ತು ವಾದಿಸಿದರೂ ಹಾವಿಗೇನು ಗೊತ್ತು? ಹಾವನ್ನೇ ಚಳಿಗೆ ಒಡ್ಡುವುದು ಉಳಿದಿತ್ತು. ಕ್ರೂರ ಅನ್ನಿಸಿದರೆ ನಿಮ್ಮ ತಪ್ಪಿಲ್ಲ; ನನಗೂ ಅನ್ನಿಸುತ್ತದೆ.

ಬೇಸಿಗೆಯಿಡೀ ಎಲ್ಲ ಸರಿ. ಮೈಬಿಸಿಯನ್ನು ಜಾಣತನದಿಂದ ಕಾಯ್ದುಕೊಳ್ಳುತ್ತವೆ. ಎಲೆ ಉದುರುವ ಕಾಲವೂ ಸುಖವಾಗಿ ಕಳೆಯುತ್ತದೆ. ಡಿಸೆಂಬರಿನಲ್ಲಿ ಬೇಲಿಯ ಬಳಿ ನಿಂತರೆ ನಿಮ್ಮ ಉಸಿರೇ ಹೊಗೆಯಾಗಿ ಕಾಣುತ್ತದೆ. ದಕ್ಷಿಣ ಫ್ಲಾರಿಡಾದಲ್ಲಿ ಸಾಮಾನ್ಯವಾಗಿ ಕಾಣದಂಥ ಚಳಿ, ಆದರೂ ಹೆಚ್ಚಿನವು ಬದುಕಿವೆ. ಗೆದ್ದವು ಅಂದುಕೊಳ್ಳುವಷ್ಟರಲ್ಲಿ 2010ರ ಜನವರಿ ಬರುತ್ತದೆ. ಬಿಡುವಿಲ್ಲದ ಚಳಿ, ರಾತ್ರಿಗಳು ಸೊನ್ನೆಗಿಂತ ಕೆಳಗೆ. ಆಂಟೆನಾ ಹಿಡಿದು ಹೋದವರಿಗೆ ಸಿಗ್ನಲ್ ಮೊದಲಿನಂತೆಯೇ ಕೇಳುತ್ತದೆ. ಟ್ರಾನ್ಸ್‌ಮಿಟರಿಗೆ ಹಾವು ಸತ್ತದ್ದು ತಿಳಿಯದು. ಆ ತಿಂಗಳ ಚಳಿಯನ್ನು ದಾಟಿ ಉಳಿದದ್ದು ಒಂದೂ ಇಲ್ಲ.

ಅದೇ ಚಳಿ ಎವರ್‌ಗ್ಲೇಡ್ಸ್‌ನಲ್ಲಿ ರೇಡಿಯೊ ಇಟ್ಟಿದ್ದ ಬೇರೆ 10 ಹಾವುಗಳಲ್ಲಿ 9ನ್ನು ಕೊಂದಿತು. ಉತ್ತರ ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಹೊರಗಿನ ಆವರಣದಲ್ಲಿದ್ದ 9ರಲ್ಲಿ 7 ಸತ್ತವು, ಅಥವಾ ಮನುಷ್ಯರು ಎತ್ತಿ ಒಳಗಿಡದಿದ್ದರೆ ಸಾಯುತ್ತಿದ್ದವು. ನನಗೆ ಮುಖ್ಯ ಅನ್ನಿಸುವುದು ಇಲ್ಲಿದೆ. ಇವುಗಳನ್ನು ಸೋಲಿಸಿದ್ದು ರಕ್ತ ತಣ್ಣಗಾದದ್ದು ಮಾತ್ರವಲ್ಲ, ಅಭ್ಯಾಸವೂ ಹೌದು. ಚಳಿಯಾದರೆ ಬಿಸಿಲಿಗೆ ಬಾ ಎನ್ನುತ್ತದೆ ಉಷ್ಣವಲಯದ ಬುದ್ಧಿ. ಬಿಸಿಲೇ ಸುಳ್ಳು ಹೇಳುವ ದಿನ ಬಿಲ ಸೇರಬೇಕೆಂದು ಅದು ಕಲಿಸಿಲ್ಲ. ಮೊಟ್ಟೆಯ ಮೇಲೆ ಕೂತ ತಾಯಿ ಹೆಬ್ಬಾವು ಸ್ನಾಯು ನಡುಗಿಸಿ ತನ್ನ ಮೈ ಬಿಸಿ ಮಾಡಿಕೊಳ್ಳಬಲ್ಲದು, ನಿಜ. ಆದರೆ ಅದು ಕಾವಿನ ಕಾಲದ ವಿದ್ಯೆ, ಚಳಿಗಾಲಕ್ಕೆ ಒದಗುವುದಿಲ್ಲ.

ಹಾಗಾದರೆ ಚಳಿಗಾಲ ಕಾಣುವ ಭರತಪುರದಲ್ಲಿ ಹೆಬ್ಬಾವು ಹೇಗೆ ಬದುಕುತ್ತದೆ? ರಾಜಸ್ಥಾನದ ಕೇವಲಾದೇವ್ ಉದ್ಯಾನದಲ್ಲಿ ನಡುಚಳಿಗಾಲದ ಮಧ್ಯಾಹ್ನ ನಡೆದು ನೋಡಿ. ಮುಳ್ಳುಹಂದಿಯ ಬಿಲದ ಬಾಯಲ್ಲಿ ನಮ್ಮ ಹೆಬ್ಬಾವು, ಕೋಳಿಗೂಡಲ್ಲಿ ಕಂಡ ಅದೇ ಜಾತಿ, ಮೈಚಾಚಿ ಬಿಸಿಲು ಕಾಯುತ್ತಿರುತ್ತದೆ. ಬಿಸಿಲು ಇಳಿದರೆ ಒಳಕ್ಕೆ. ಎಸ್. ಭೂಪತಿ ಮತ್ತು ವಿ.ಎಸ್. ವಿಜಯನ್ 1980ರ ದಶಕದಲ್ಲಿ ಇವುಗಳ ಹಿಂದೆ ಬಿದ್ದು ಅಧ್ಯಯನ ಮಾಡಿದ್ದರು. ಬಿಲವೂ ಉಂಟು, ಒಳಹೊರಗಿನ ಹೊತ್ತೂ ಗೊತ್ತು.

ಎವರ್‌ಗ್ಲೇಡ್ಸ್‌ನಲ್ಲಿ ಬದುಕುಳಿದವು ಮತ್ತೆ ಮರಿ ಮಾಡಿದವು. 2010ರ ಆ ಚಳಿಗೆ ಮೊದಲಿನ ಮತ್ತು ನಂತರದ ಹಾವುಗಳ ಜೀನ್‌ಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ವ್ಯತ್ಯಾಸಗಳು ಸಿಕ್ಕಿವೆ. ಬೇಲಿಯೊಳಗಿನ 10 ಹಾವುಗಳ ಉತ್ತರ ಅವುಗಳದ್ದೇ. ಎವರ್‌ಗ್ಲೇಡ್ಸ್‌ನಲ್ಲಿ ಉಳಿದವುಗಳ ಮೊಮ್ಮಕ್ಕಳನ್ನು ಅದೇ ಬೇಲಿಯಲ್ಲಿ ಬಿಟ್ಟರೆ ಫಲಿತಾಂಶ ಬೇರೆ ಬಂದರೂ ಬಂದೀತು.